ಕಡತದೊಳಗೆ ಹೂತಿಟ್ಟ ಹೆಸರುಗಳು

1963ರ ಸೆಪ್ಟೆಂಬರ್ 15, ಭಾನುವಾರ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರು. ಹಕ್ಕಿಗಾಗಿ ಕರಿಯರ ಮೆರವಣಿಗೆಗಳು ಹೊರಡುತ್ತಿದ್ದ ಚರ್ಚಿಗೇ ಡೈನಮೈಟ್ ಇಟ್ಟರು. ನಾಲ್ವರು ಹೆಣ್ಣುಮಕ್ಕಳು ಸತ್ತರು. ಆಡಿ ಮೇ, ಸಿಂಥಿಯಾ, ಕ್ಯಾರೊಲ್ ಮೂವರಿಗೂ 14, ಡೆನಿಸ್‌ಗೆ 11. ಆಡಿ ಮೇಯ ತಂಗಿ ಸಾರಾ ಒಂದು ಕಣ್ಣು ಕಳಕೊಂಡಳು.

ಇದನ್ನು ಬಹಳ ಕಾಲ ‘ಬಗೆಹರಿಯದ ಪ್ರಕರಣ’ ಅಂದರು. ಬಗೆಹರಿಯದ್ದು ಯಾರಿಗೆ ಅಂತ ನಾವು ಕೇಳುತ್ತೇವೆ. ಬಾಂಬು ಬಿದ್ದೂ ಬಿದ್ದೂ ಅಲ್ಲಿನ ಕರಿಯರ ಒಂದು ಕೇರಿಗೆ ‘ಡೈನಮೈಟ್ ದಿಬ್ಬ’ ಅಂತಲೇ ಹೆಸರಾಗಿತ್ತು. ಕು ಕ್ಲಕ್ಸ್ ಕ್ಲಾನಿನ ರಾಬರ್ಟ್ ಚಾಂಬ್ಲಿಸ್‌ನನ್ನು ಜನ ‘ಡೈನಮೈಟ್ ಬಾಬ್’ ಅಂತಿದ್ರು. (ನಮ್ಮಲ್ಲೂ ಅಷ್ಟೆ, ಬೆಂಕಿ ಇಟ್ಟವರು ಯಾರೆಂದು ಕೇರಿಗೆ ಗೊತ್ತಿರುತ್ತೆ, ಠಾಣೆಗೆ ಗೊತ್ತಿರೋದಿಲ್ಲ.) ಡೈನಮೈಟ್ ಇಟ್ಟುಕೊಂಡಿದ್ದಕ್ಕೆ ಅವನಿಗೆ ಆಗ ಸಣ್ಣ ಶಿಕ್ಷೆ ಆಯ್ತು. ಕೊಲೆಗೆ ಆಗಲಿಲ್ಲ.

1965ರಲ್ಲೇ ಎಫ್‌ಬಿಐನ ತನಿಖೆಗಾರರು ನಾಲ್ವರ ಹೆಸರು ಬರೆದು ಮೇಲಕ್ಕೆ ಕಳಿಸಿದ್ದರು. ಮುಖ್ಯಸ್ಥ ಎಡ್ಗರ್ ಹೂವರ್ ಮೊಕದ್ದಮೆ ಹೂಡಗೊಡಲಿಲ್ಲ. 1968ರಲ್ಲಿ ಕಡತ ಮುಚ್ಚಿದರು. ಆ ನಾಲ್ವರಲ್ಲೊಬ್ಬ ಥಾಮಸ್ ಬ್ಲಾಂಟನ್. ಬಾಂಬು ಮಾಡಲು ಸೇರಿದ್ದ ಮಾತನ್ನು ಅವನು ಹೆಂಡತಿಗೆ ಹೇಳಿದ್ದು, ಅಡುಗೆಮನೆಯಲ್ಲಿ ಗುಟ್ಟಾಗಿ ಇಟ್ಟಿದ್ದ ಮೈಕಿಗೆ 1964ರಲ್ಲೇ ಸಿಕ್ಕಿತ್ತು. ಆ ಟೇಪು ಕೋರ್ಟಿನಲ್ಲಿ ಕೇಳಿಸಿದ್ದು 2001ರಲ್ಲಿ!

ಅಲಬಾಮಾದ ಅಟಾರ್ನಿ ಜನರಲ್ ಬಿಲ್ ಬ್ಯಾಕ್ಸ್‌ಲಿ ಹಟ ಹಿಡಿದದ್ದರಿಂದ 1977ರಲ್ಲಿ ಚಾಂಬ್ಲಿಸ್‌ಗೆ ಜೀವಾವಧಿ ಆಯ್ತು. ಅವನ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಅವನದೇ ಸಂಬಂಧಿಕಳೂ ಇದ್ದಳು. ಬ್ಲಾಂಟನ್‌ಗೆ 2001ರಲ್ಲಿ, ಬಾಬಿ ಚೆರ್ರಿಗೆ 2002ರಲ್ಲಿ. ಅಷ್ಟುಹೊತ್ತಿಗೆ 39 ವರ್ಷ. ನಾಲ್ಕನೆಯ ಹೆಸರು ಹರ್ಮನ್ ಕ್ಯಾಶ್‌ನದು. ಅವನು 1994ರಲ್ಲಿ ಸತ್ತ, ಒಂದು ಕೇಸೂ ಬೀಳದೆ.