ಕಾಗದದ ಮೂಲೆಯ ಎರಡಕ್ಷರ

ಮನೆಯ ಟ್ರಂಕಿನಲ್ಲಿ ಹಳೇ ಸರ್ಕಾರಿ ಪತ್ರ ಯಾವುದಾದ್ರೂ ಇದ್ದರೆ ಒಮ್ಮೆ ತೆಗೆದು ನೋಡಿ. ಕೆಳಗೆ ಒಂದು ಕಡೆ ಸಾಹೇಬರ ಸಹಿ, ಹೆಸರು, ಹುದ್ದೆ, ಸೀಲು. ಇನ್ನೊಂದು ಮೂಲೆಯಲ್ಲಿ ಕೆಲವೊಮ್ಮೆ ಎರಡು ಪುಟ್ಟ ಅಕ್ಷರ ಕಾಣುತ್ತೆ. ಅದು ಟೈಪ್ ಮಾಡಿದವರ ಗುರುತು. ನಾವು ಸಾಫ್ಟ್‌ವೇರ್‌ನವರು ಕೋಡಿನ ಪ್ರತಿ ಸಾಲಿಗೂ ಯಾರು, ಯಾವತ್ತು ಬರೆದದ್ದು ಅಂತ ದಾಖಲೆ ಇಡ್ತೀವಿ. ಆಡಳಿತದ ಪ್ರತಿ ಸಾಲನ್ನೂ ಕಾಗದದ ಮೇಲೆ ಮೂಡಿಸಿದವರಿಗೆ ಸಿಕ್ಕಿದ್ದು ಮಾತ್ರ ಆ ಎರಡಕ್ಷರ.

1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಈ ಯಂತ್ರವನ್ನು ಮಾರುಕಟ್ಟೆಗೆ ತಂತು. ಆಮೇಲೆ ಇಂಗ್ಲಿಷಿನಲ್ಲಿ ‘ಟೈಪ್‌ರೈಟರ್’ ಅಂದ್ರೆ ಯಂತ್ರವೂ ಹೌದು, ಅದರ ಮುಂದೆ ಕೂತ ಹೆಂಗಸೂ ಹೌದು! ‘ಕಂಪ್ಯೂಟರ್’ ಕೂಡ ಮೊದಲು ಲೆಕ್ಕ ಮಾಡುವ ಮನುಷ್ಯರ ಹೆಸರೇ ಆಗಿತ್ತಲ್ಲ, ಹಾಗೆ.

ಬ್ರಿಟನ್ನಿನ ಸರ್ಕಾರಿ ಕಚೇರಿಗಳಲ್ಲಿ ಮದುವೆಯಾದ ಹೆಣ್ಣು ಕೆಲಸ ಬಿಡಬೇಕಿತ್ತು. ಆ ನಿಯಮ ಹೋಗಿದ್ದು 1946ರಲ್ಲಿ. 1955ರಲ್ಲಿ ಸಮಾನ ವೇತನಕ್ಕೂ ಸರ್ಕಾರ ಒಪ್ಪಿತು, 1961ರೊಳಗೆ ಹಂತಹಂತವಾಗಿ ಕೊಡ್ತೀವಿ ಅಂತು. ಆದರೆ ಟೈಪಿಸ್ಟರು, ಕಚೇರಿ ಯಂತ್ರ ನಡೆಸುವವರು ಅದರಿಂದ ಹೊರಗುಳಿದರು. ಕಾರಣ ಕೇಳಿ: ಆ ದರ್ಜೆಗಳಲ್ಲಿ ಇರೋರು ಹೆಚ್ಚುಕಮ್ಮಿ ಹೆಂಗಸರೇ, ಹೋಲಿಸಿ ನೋಡೋಕೆ ಗಂಡಸರ ಸಂಬಳವೇ ಇಲ್ಲ. ಹೆಂಗಸರ ಕೆಲಸ ಅನ್ನೋದೇ ಅದರ ಬೆಲೆ ಕಟ್ಟಿಬಿಟ್ಟಿತ್ತು.

ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ಇಲ್ಲಿ ಗಂಡಸರೂ ಟೈಪಿಸ್ಟ್ ಆಗಿದ್ರು, ಹುದ್ದೆಯ ಹೆಸರೇ ‘ಬೆರಳಚ್ಚುಗಾರ’. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿದ, ಮುಂದೆ ಓದಿಸೋಕೆ ಮನೇಲಿ ಒಪ್ಪದ ಎಷ್ಟೋ ಹುಡುಗಿಯರಿಗೆ ತಾಲ್ಲೂಕು ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟೇ ಹೊರಗಿನ ಬಾಗಿಲು. ಫೀಸು ಕಮ್ಮಿ, ದಿನಕ್ಕೆ ಒಂದು ಗಂಟೆ, ಕತ್ತಲಾಗೋದ್ರೊಳಗೆ ಮನೆ. ಜೂನಿಯರ್, ಸೀನಿಯರ್ ಪಾಸಾದರೆ ಸರ್ಕಾರಿ ನೌಕರಿ, ಸ್ವಂತ ಹೆಸರಲ್ಲಿ ಸಂಬಳ, ಪೆನ್ಷನ್. ಸಣ್ಣ ಮಾತಲ್ಲ ಅದು.

ಕೆಲಸವೂ ಸಣ್ಣದಲ್ಲ. ಆಗಿನ ಮೈಸೂರು ರಾಜ್ಯ 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆ ಮಾಡಿ ಕಾಯ್ದೆ ತಂತು. ಕಾಯ್ದೆ ಬಂದರೆ ಸಾಕೇ? ಕನ್ನಡ ಕಾಗದದ ಮೇಲೆ ಬರಬೇಕಲ್ಲ. ಅನಂತ ಸುಬ್ಬರಾಯರು ಕನ್ನಡ ಟೈಪ್‌ರೈಟರಿಗೆ ಕೀಲಿಮಣೆ ರೂಪಿಸಿ ಗುಣಿತ, ಒತ್ತಕ್ಷರಗಳನ್ನೆಲ್ಲ ನಾಲ್ಕೇ ಸಾಲು ಕೀಗಳಲ್ಲಿ ಹಿಡಿಸಿದರು. ಅಕ್ಷರದ ಒಡಲು ಒಂದು ಕಡೆ, ಗುಣಿತ ಒಂದು ಕಡೆ, ಒತ್ತು ಇನ್ನೊಂದು ಕಡೆ. ಕೆಲವು ಕೀ ಒತ್ತಿದರೆ ಕ್ಯಾರೇಜು ಮುಂದಕ್ಕೇ ಹೋಗಲ್ಲ. ‘ರಾಷ್ಟ್ರ’ ಅಂತ ಟೈಪ್ ಮಾಡೋಕೆ ಅಕ್ಷರವನ್ನು ಮನಸ್ಸಲ್ಲೇ ಬಿಡಿಸಿ ಮತ್ತೆ ಜೋಡಿಸಬೇಕು. ಈಗ ನಮ್ಮ ಫೋನಿನೊಳಗಿನ ಸಾಫ್ಟ್‌ವೇರ್ ಮಾಡೋ ಕೆಲಸವನ್ನು ಆಗ ಅವರ ತಲೆ ಮಾಡ್ತಿತ್ತು.

ಬ್ಯಾಕ್‌ಸ್ಪೇಸ್ ಒತ್ತಿದರೆ ತಪ್ಪು ಅಳಿಸಿಹೋಗುವ ಕಾಲವೂ ಅಲ್ಲ. ಕಾರ್ಬನ್ ಇಟ್ಟು ನಾಲ್ಕು ಪ್ರತಿ ತೆಗೆಯುವಾಗ ಒಂದಕ್ಷರ ತಪ್ಪಿದರೆ ನಾಲ್ಕರಲ್ಲೂ ಉಜ್ಜಬೇಕು. ಸೈಕ್ಲೋಸ್ಟೈಲ್ ಸ್ಟೆನ್ಸಿಲ್ ಆದರೆ ದ್ರವ ಹಚ್ಚಿ, ಒಣಗುವ ತನಕ ಕಾಯಬೇಕು. ಕೆಟ್ಟ ಕೈಬರಹದ ಕರಡು ಓದಿ, ಬಿಟ್ಟುಹೋದ ಸರ್ವೇ ನಂಬರ್ ಪತ್ತೆ ಹಚ್ಚಿ, ವಾಕ್ಯ ನೆಟ್ಟಗೆ ಮಾಡೋದೂ ಎಷ್ಟೋ ಸಲ ಅವರ ಪಾಲಿಗೇ. ಆದ್ರೂ ಹುದ್ದೆಯ ಹೆಸರಲ್ಲಿ ಇರೋದು ಬೆರಳು ಮಾತ್ರ.

ಆಮೇಲೆ ಕಂಪ್ಯೂಟರ್ ಬಂತು. ಸರ್ಕಾರಿ ಕಚೇರಿಗಳಲ್ಲಿ ‘ನುಡಿ’ ತಂತ್ರಾಂಶ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ನಿಜಕ್ಕೂ ಸುಲಭ, ಉಚ್ಚಾರಣೆಯಂತೆ ಒತ್ತಿದರೆ ಆಯ್ತು. ಆದರೆ ಹಳೇ ಕೀಲಿಮಣೆಯಲ್ಲಿ ಪಳಗಿದ ಬೆರಳುಗಳು ಮತ್ತೆ ಮೊದಲಿಂದ ಕಲಿಯಬೇಕಾಯ್ತು, ಅದೂ ನಡುವಯಸ್ಸಿನಲ್ಲಿ. ಕಲಿತರು ಕೂಡ. ನಾವು ಇದನ್ನೇ ‘ರೀಸ್ಕಿಲಿಂಗ್’ ಅಂತ ರೆಸ್ಯೂಮೆಯಲ್ಲಿ ಹಾಕಿಕೊಂಡು ಹೈಕ್ ಕೇಳ್ತೀವಿ.

ಇದು ಬರೀ ಮುಗಿದುಹೋದ ಕಥೆಯಲ್ಲ. ಇವತ್ತು ಸರ್ಕಾರಿ ಕಚೇರಿಗಳಲ್ಲಿ ‘ಡೇಟಾ ಎಂಟ್ರಿ ಆಪರೇಟರ್’ ಅಂತ ಇರ್ತಾರೆ, ಎಷ್ಟೋ ಕಡೆ ಹೊರಗುತ್ತಿಗೆಯ ಮೇಲೆ. ಅವರಲ್ಲೂ ಹೆಣ್ಣುಮಕ್ಕಳು ಬಹಳ. ನಿಮ್ಮ ಹೆಸರಿನ ಸ್ಪೆಲ್ಲಿಂಗ್, ನಿಮ್ಮ ಹೊಲದ ಹಿಸ್ಸಾ ನಂಬರ್ ಸರಿಯಾಗಿದೆ ಅಂದ್ರೆ ಅವರ ಕಣ್ಣು ಚುರುಕಾಗಿತ್ತು ಅಂತ. ಟೈಪಿಸ್ಟರಿಗೆ ಕೆಲಸದ ಭದ್ರತೆಯಾದ್ರೂ ಇತ್ತು. ಇವರಿಗೆ ಅದೂ ಇಲ್ಲ, ಮೂಲೆಯಲ್ಲಿ ಆ ಎರಡಕ್ಷರವೂ ಇಲ್ಲ.