ಗಡಸು ನೀರು, ಗಾಜಿನ ತೊಟ್ಟಿ ಮತ್ತು ಇಂಗಾಲ

ಆಳಂದ ತಾಲ್ಲೂಕಿನ ಅಮರ್ಜಾ ಹೊಳೆ ಕೋರಳ್ಳಿಯ ಅಣೆಕಟ್ಟು ದಾಟಿ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಅಲ್ಲಿಂದ ಭೀಮೆ ಜೇವರ್ಗಿಯತ್ತ ಹರಿಯುತ್ತದೆ. ಮೇಲ್ಭಾಗದಲ್ಲಿ ದಖನ್ನಿನ ಕಪ್ಪು ಬಸಾಲ್ಟ್ ಬಂಡೆ, ಕೆಳಗೆ ಜೇವರ್ಗಿ–ಶಹಾಬಾದ್ ಕಡೆ ಭೀಮಾ ಕಣಿವೆಯ ಸುಣ್ಣಶಿಲೆ. ಇಂಥ ನೆಲದೊಳಗಿಂದ ಬರುವ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಅದರಲ್ಲಿ ಇಂಗಾಲವಿದೆ. ಗಾಜಿನ ತೊಟ್ಟಿಯಲ್ಲಿ ಜಲಸಸ್ಯ ಬೆಳೆಸುವವರಿಗೆ ಸಿಗುವ ಸಲಹೆಯಾದರೋ ಈ ಸಂಗತಿಯನ್ನು ಗಮನಿಸುವುದೇ ಇಲ್ಲ: ಗಿಡ ಸೊರಗಿತೇ, ಸಿಲಿಂಡರ್ ತಂದು ಇಂಗಾಲದ ಡೈಆಕ್ಸೈಡ್ ಬಿಡಿ ಎನ್ನುತ್ತದೆ. ತೊಟ್ಟಿಗೆ ಅನಿಲ ಕೊಡುವ ವಿದ್ಯೆ ಬೆಳೆದುಬಂದ ದಾರಿಯನ್ನು ನೋಡಿದರೆ, ಎಷ್ಟು ಅನಿಲ ಬೇಕು ಎಂಬ ಪ್ರಶ್ನೆ ನಂತರ ಬರುವಂಥದ್ದು. ಇಂಗಾಲ ನೀರಿನಲ್ಲಿ ಯಾವ ರೂಪದಲ್ಲಿದೆ, ಅದನ್ನು ಯಾವ ಗಿಡ ಹೀರಬಲ್ಲದು ಎಂಬುದು ಮೊದಲ ಪ್ರಶ್ನೆ.

1779ರಲ್ಲಿ ಯಾನ್ ಇಂಗೆನ್‌ಹೌಸ್ ನೀರಿನಲ್ಲಿ ಮುಳುಗಿಸಿದ ಎಲೆಗಳು ಬಿಸಿಲಿದ್ದಾಗ ಮಾತ್ರ ಶುದ್ಧ ಗಾಳಿಯ ಗುಳ್ಳೆ ಬಿಡುತ್ತವೆ ಎಂದು ಪ್ರಕಟಿಸಿದ. ಮೂರು ವರ್ಷಗಳ ಬಳಿಕ ಜಿನೀವಾದ ಜಾನ್ ಸೆನೆಬಿಯೇ ಇನ್ನೊಂದು ಹೆಜ್ಜೆ ಮುಂದಿಟ್ಟ: ಕುದಿಸಿ ಅನಿಲ ಕಳೆದ ನೀರಿನಲ್ಲಿ ಎಲೆ ಗುಳ್ಳೆ ಬಿಡಲಿಲ್ಲ, ಇಂಗಾಲದ ಡೈಆಕ್ಸೈಡ್ ಸೇರಿಸಿದಾಗ ಬಿಟ್ಟಿತು. ಇಂದು ಅಕ್ವೇರಿಯಂ ಅಂಗಡಿಯಲ್ಲಿ ಮಾರುವ ಸರಂಜಾಮಿನ ತತ್ತ್ವವೆಲ್ಲ ಆ ಪ್ರಯೋಗದಲ್ಲೇ ಇತ್ತು. ಆದರೆ 1850ರ ಸುಮಾರಿಗೆ ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಹೊನ್ನಮೀನು, ಬಸವನಹುಳು, ವ್ಯಾಲಿಸ್ನೇರಿಯಾ ಗಿಡಗಳನ್ನು ಒಂದೇ ಗಾಜಿನ ಪಾತ್ರೆಯಲ್ಲಿ ಬದುಕಿಸಿ ತೋರಿಸಿದಾಗ ಬೇರೊಂದು ನಂಬಿಕೆ ಬೇರೂರಿತು. ಮೀನು ಬಿಟ್ಟ ಉಸಿರು ಗಿಡಕ್ಕೆ ಸಾಕು, ಗಿಡ ಬಿಟ್ಟದ್ದು ಮೀನಿಗೆ ಸಾಕು ಎಂಬ ಈ ಸಮತೋಲದ ಕಲ್ಪನೆ ಒಂದು ಶತಮಾನ ಆಳಿತು. ವಾರಿಂಗ್ಟನ್ ಆರಿಸಿದ ಗಿಡ ಅದಕ್ಕೆ ಎಷ್ಟು ನೆರವಾಯಿತು ಎಂಬುದನ್ನು ಆಗ ಯಾರೂ ವಿಚಾರಿಸಲಿಲ್ಲ. ಹೊರಗಿನ ಗಾಳಿಯೊಡನೆ ಹೊಂದಿಕೊಂಡು ನಿಂತ ನೀರಿನಲ್ಲಿ ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಮಾತ್ರ ಇರುತ್ತದೆ. ಅದೂ ನೀರಿನಲ್ಲಿ ಹರಡುವುದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಎಲೆಯನ್ನು ಸುತ್ತಿದ ನಿಶ್ಚಲ ನೀರಿನ ತೆಳು ಪದರವೇ ಗಿಡಕ್ಕೂ ಅದರ ಆಹಾರಕ್ಕೂ ನಡುವೆ ಗೋಡೆಯಾಗುತ್ತದೆ.

ಇಷ್ಟು ಕೊರತೆಯಲ್ಲೂ ಕೆಲವು ಗಿಡಗಳು ಹುಲುಸಾಗಿ ಬೆಳೆಯುವುದು ಹೇಗೆ? ಇದರ ಮೊದಲ ಸುಳಿವುಗಳಲ್ಲೊಂದು ನಮ್ಮ ದೇಶದಲ್ಲೇ ಸಿಕ್ಕಿತು ಎನ್ನುವುದು ಹೆಮ್ಮೆಯ ಸಂಗತಿ. ಜಗದೀಶ್ ಚಂದ್ರ ಬೋಸ್ ದ್ಯುತಿಸಂಶ್ಲೇಷಣೆಯ ಶರೀರಕ್ರಿಯೆ ಕುರಿತು 1924ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಮ್ಮ ಕೆರೆಗಳಲ್ಲಿ ತಾನೇ ತಾನಾಗಿ ಬೆಳೆಯುವ ಹೈಡ್ರಿಲ್ಲಾ ಬೇಸಿಗೆಯಲ್ಲಿ ಒಂದು ಬಗೆಯಾಗಿ, ಚಳಿಗಾಲದಲ್ಲಿ ಇನ್ನೊಂದು ಬಗೆಯಾಗಿ ವರ್ತಿಸುವುದನ್ನೂ ಅದರಲ್ಲಿ ಮ್ಯಾಲಿಕ್ ಆಮ್ಲದ ಪಾತ್ರವಿರುವುದನ್ನೂ ದಾಖಲಿಸಿದರು. ಅದರ ಪೂರ್ಣ ಅರ್ಥ ತಿಳಿಯಲು ಅರ್ಧ ಶತಮಾನ ಕಾಯಬೇಕಾಯಿತು. ಫ್ಲೋರಿಡಾದಲ್ಲಿ ಜಾರ್ಜ್ ಬೋವ್ಸ್ ಮತ್ತು ಸಂಗಡಿಗರು 1980ರ ಆಸುಪಾಸಿನಲ್ಲಿ, ಇಂಗಾಲದ ಡೈಆಕ್ಸೈಡ್ ಕಡಿಮೆಯಾದಾಗ ಹೈಡ್ರಿಲ್ಲಾ ತನ್ನ ಒಳಗಿನ ರಸಾಯನವನ್ನೇ ಬದಲಿಸಿ, ಕಬ್ಬು–ಜೋಳಗಳಂತೆ ನಾಲ್ಕು ಇಂಗಾಲದ ಆಮ್ಲಗಳ ಮೂಲಕ ಅನಿಲವನ್ನು ಸಾಂದ್ರಗೊಳಿಸಿಕೊಳ್ಳುತ್ತದೆ ಎಂದು ತೋರಿಸಿದರು. ಇದಕ್ಕೆ ಮೊದಲೇ, 1940ರ ದಶಕದಲ್ಲಿ ಡೆನ್ಮಾರ್ಕಿನ ಸ್ಟೀಮನ್ ನೀಲ್ಸನ್, ಕೆಲವು ಜಲಸಸ್ಯಗಳು ನೀರಿನಲ್ಲಿ ಕರಗಿದ ಬೈಕಾರ್ಬೊನೇಟನ್ನೂ ಇಂಗಾಲದ ಮೂಲವಾಗಿ ಬಳಸುತ್ತವೆ ಎಂದು ಸ್ಥಾಪಿಸಿದ್ದರು. ಹೈಡ್ರಿಲ್ಲಾ, ಪೊಟಮೊಜೆಟನ್‌ಗಳಂಥ ಗಿಡಗಳು ಎಲೆಯ ಕೆಳಮುಖದಲ್ಲಿ ಆಮ್ಲ ಸುರಿಸಿ ಬೈಕಾರ್ಬೊನೇಟನ್ನು ಅನಿಲವಾಗಿ ಒಡೆಯುತ್ತವೆ. ಮೇಲ್ಮುಖ ಕ್ಷಾರವಾಗಿ ಅಲ್ಲಿ ಸುಣ್ಣ ಕೂರುತ್ತದೆ. ಗಡಸು ನೀರಿನ ತೊಟ್ಟಿಯಲ್ಲಿ ಇಂಥ ಎಲೆಗಳ ಮೇಲೆ ಕಾಣುವ ಬಿಳಿ ಹುಡಿಯನ್ನು ರೋಗವೆಂದು ಔಷಧಿ ಹಾಕುವವರಿದ್ದಾರೆ. ಅದು ಗಿಡ ದುಡಿಯುತ್ತಿರುವುದರ ಗುರುತು.

ಹವ್ಯಾಸಿಗಳ ಲೋಕ ಈ ಸಂಶೋಧನೆಯಿಂದ ಬೇರೆಯಾದ ದಾರಿ ಹಿಡಿಯಿತು. ಜರ್ಮನಿಯಲ್ಲಿ ಕಾಸ್ಪರ್ ಹೋರ್ಸ್ಟ್, ಹೋರ್ಸ್ಟ್ ಕಿಪ್ಪರ್ ಉಷ್ಣವಲಯದ ತೊರೆಗಳನ್ನು ಅಳೆದು, ಅನಿಲ, ಕಬ್ಬಿಣಾಂಶ, ಬೆಳಕು ಮೂರನ್ನೂ ಒಟ್ಟಿಗೆ ನಿಯಂತ್ರಿಸುವ ತೊಟ್ಟಿಯನ್ನು ರೂಪಿಸಿದರು. ಜಪಾನಿನ ತಕಾಶಿ ಅಮಾನೊ 1982ರಲ್ಲಿ ತಮ್ಮ ಸಂಸ್ಥೆ ಕಟ್ಟಿ, ಸಿಲಿಂಡರಿನ ಅನಿಲದಿಂದ ಹಸಿರು ಹಾಸಿನ ನೀರೊಳಗಿನ ತೋಟಗಳನ್ನು ಜಗತ್ತಿಗೆ ತೋರಿಸಿದರು. ಅವರ ಕಲೆ ಅಪೂರ್ವ. ಆದರೆ ಜಪಾನಿನ ನಲ್ಲಿ ನೀರು ಬಹುಪಾಲು ಮೆದು. ಇದಕ್ಕೆ ಎದುರಾಗಿ ಡಯಾನಾ ವಾಲ್‌ಸ್ಟಾಡ್ 1999ರ ತಮ್ಮ ಪುಸ್ತಕದಲ್ಲಿ, ತೊಟ್ಟಿಯ ತಳದ ಮಣ್ಣು ಕೊಳೆಯುವಾಗ ಹೊಮ್ಮುವ ಅನಿಲವೂ ನೀರಿನ ಬೈಕಾರ್ಬೊನೇಟೂ ಸೇರಿ ಅನೇಕ ಗಿಡಗಳಿಗೆ ಸಾಕಾಗುತ್ತವೆ ಎಂದು ವಾದಿಸಿದರು. ಗಡಸು ನೀರಿನ ಊರುಗಳಿಗೆ ಈ ಎರಡನೆಯ ಧಾರೆ ಹೆಚ್ಚು ಹತ್ತಿರದ್ದು ಎಂದು ನನ್ನ ತೀರ್ಮಾನ.

ಲೆಕ್ಕವೇ ಇದನ್ನು ಸಮರ್ಥಿಸುತ್ತದೆ. ನೀರಿನ ಕಾರ್ಬೊನೇಟ್ ಗಡಸುತನ ಜರ್ಮನ್ ಮಾಪನದಲ್ಲಿ 15 ಡಿಗ್ರಿ ಇದೆ ಎನ್ನೋಣ. ಆಗ ಲೀಟರಿಗೆ ಸುಮಾರು 64 ಮಿಲಿಗ್ರಾಂ ಇಂಗಾಲ ಬೈಕಾರ್ಬೊನೇಟ್ ರೂಪದಲ್ಲಿರುತ್ತದೆ. ಹವ್ಯಾಸಿಗಳು ಗುರಿಯಿಡುವ 30 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡಿನಲ್ಲಿ ಇಂಗಾಲವಿರುವುದು 8 ಮಿಲಿಗ್ರಾಂ ಮಾತ್ರ. ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಬೈಕಾರ್ಬೊನೇಟ್ ಒಡೆಯಲು ಗಿಡಕ್ಕೆ ಶಕ್ತಿ ವ್ಯಯವಾಗುತ್ತದೆ, ಅನಿಲ ಸಿಕ್ಕರೆ ಅದೇ ಗಿಡ ಇನ್ನೂ ಬೇಗ ಬೆಳೆಯುತ್ತದೆ. ಇದು ನಿಜ. ಡೆನ್ಮಾರ್ಕಿನ ಓಲೆ ಪೆಡರ್ಸನ್ ಮತ್ತು ಜೊತೆಗಾರರು ರಿಕ್ಸಿಯಾ ಗಿಡದ ಮೇಲೆ ನಡೆಸಿದ ಪ್ರಯೋಗದಲ್ಲಿ ಮಂದ ಬೆಳಕಿನಲ್ಲೂ ಅನಿಲ ಹೆಚ್ಚಿಸಿದಾಗ ಬೆಳವಣಿಗೆ ಹೆಚ್ಚಿತು. ಅನಿಲಕ್ಕಾಗಿ ಪರದಾಡುವುದು ತಪ್ಪಿದ ಗಿಡ ಆ ಶಕ್ತಿಯನ್ನು ಬೆಳಕು ಹಿಡಿಯಲು ಹಾಕುತ್ತದೆ. ಆದರೆ ಬೇಗ ಬೆಳೆಯುವುದು ಬೇರೆ, ಆರೋಗ್ಯವಾಗಿ ಬದುಕುವುದು ಬೇರೆ. ವಾರಕ್ಕೊಮ್ಮೆ ಕತ್ತರಿಸಿ ಎಸೆಯಬೇಕಾದ ವ್ಯಾಲಿಸ್ನೇರಿಯಾಕ್ಕಾಗಿ ಸಿಲಿಂಡರ್ ಕೊಳ್ಳುವ ಅಗತ್ಯವೇನು?

ಗಡಸು ನೀರು ಅನಿಲವನ್ನೇ ನುಂಗಿಬಿಡುತ್ತದೆ, ಆದ್ದರಿಂದ ಇಲ್ಲಿ ಎರಡರಷ್ಟು ಬಿಡಬೇಕು ಎಂಬ ಮಾತೂ ಚಾಲ್ತಿಯಲ್ಲಿದೆ. ಇದು ತಪ್ಪು, ಮೀನಿಗೆ ಅಪಾಯಕಾರಿ ಕೂಡ. ಗಡಸುತನ 4 ಇದ್ದಾಗ 30 ಮಿಲಿಗ್ರಾಂ ಅನಿಲದಲ್ಲಿ ಪಿಎಚ್ 6.6 ಆಗುತ್ತದೆ, ಗಡಸುತನ 15 ಇದ್ದರೆ ಅಷ್ಟೇ ಅನಿಲದಲ್ಲಿ 7.2 ಆಸುಪಾಸಿಗೆ ನಿಲ್ಲುತ್ತದೆ. ಗಡಸು ನೀರಿನಲ್ಲಿ ಪಿಎಚ್ 6.6ಕ್ಕೆ ಇಳಿಯಲೆಂದು ಅನಿಲ ಬಿಡುತ್ತ ಹೋದರೆ ಅದು ನೂರು ಮಿಲಿಗ್ರಾಂ ದಾಟಿ ಮೀನು ಉಸಿರುಗಟ್ಟುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವ ನಾಡಿನಲ್ಲಿ ಈ ಅಪಾಯ ಇನ್ನೂ ದೊಡ್ಡದು. 25 ಡಿಗ್ರಿ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕ ಕರಗಿದರೆ, 35 ಡಿಗ್ರಿಯಲ್ಲಿ ಕರಗುವುದು 7ರಷ್ಟೇ. ಅಳತೆಗೆ ಗಡಸುತನ 4ಕ್ಕೆ ಹದಮಾಡಿದ ದ್ರಾವಣದಲ್ಲಿ ಬ್ರೊಮೊಥೈಮಾಲ್ ಬ್ಲೂ ಬೆರೆಸಿ ತೊಟ್ಟಿಯೊಳಗೆ ತೂಗುಹಾಕುವ ಪುಟ್ಟ ಗಾಜಿನ ಬುರುಡೆಯೇ ಇಲ್ಲಿ ನಂಬಿಗಸ್ತ. ಅದರೊಳಗಿನ ದ್ರಾವಣ ತೊಟ್ಟಿಯ ನೀರಿನೊಡನೆ ಬೆರೆಯುವುದಿಲ್ಲ. ಅನಿಲ ಮಾತ್ರ ನಡುವಿನ ಗಾಳಿಯ ಮೂಲಕ ದಾಟುತ್ತದೆ. ಬಣ್ಣ ಹಸಿರಾದರೆ 30ರ ಹತ್ತಿರ, ಹಳದಿಯಾದರೆ ಅನಿಲ ಮಿತಿಮೀರಿದೆ. ಅಲಂಕಾರಕ್ಕೆಂದು ತೊಟ್ಟಿಯಲ್ಲಿ ಶಹಾಬಾದ್ ಕಲ್ಲಿನ ತುಂಡು ಇಡುವವರು ಇನ್ನೊಂದನ್ನೂ ನೆನೆಯಬೇಕು: ಅನಿಲ ಕರಗಿ ಆಮ್ಲೀಯವಾದ ನೀರು ಆ ಸುಣ್ಣಶಿಲೆಯನ್ನು ಮೆಲ್ಲಗೆ ಕರಗಿಸಿ ಗಡಸುತನವನ್ನು ಏರಿಸುತ್ತಲೇ ಹೋಗುತ್ತದೆ. ಕಲ್ಲಿನ ಮೇಲೆ ಒಂದು ಹನಿ ಆಮ್ಲ ಬಿಟ್ಟು ನೊರೆ ಬಂದರೆ ಅದನ್ನು ಹೊರಗಿಡುವುದು ಲೇಸು.

ಹಾಗೆಂದು ಅನಿಲ ಬೇಡವೇ ಬೇಡ ಎಂದಲ್ಲ. ರಿಕ್ಸಿಯಾ, ಹಾವಸೆಗಳಂಥವು, ಕೆಂಪೆಲೆಯ ಅನೇಕ ಗಿಡಗಳು ಬೈಕಾರ್ಬೊನೇಟನ್ನು ಮುಟ್ಟುವುದಿಲ್ಲ. ಅವನ್ನು ಬೆಳೆಸುವಾಸೆ ಇದ್ದರೆ ಅನಿಲ ಬೇಕು. ಆಳಂದದ ಭೂಸನೂರ, ಅಫಜಲಪುರದ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳಿರುವ ಈ ಕಬ್ಬಿನ ಸೀಮೆಯಲ್ಲಿ ಸಕ್ಕರೆ–ಯೀಸ್ಟ್ ಬಾಟಲಿ ಅಗ್ಗದ ದಾರಿ. ಒಂದು ಕಿಲೋ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು ಅರ್ಧ ಕಿಲೋ ಅನಿಲ ಕೊಡುತ್ತದೆ. ಆದರೆ ಗಿಡ ಅನಿಲ ಹೀರದ ರಾತ್ರಿಯಲ್ಲೂ ಅದು ನಿಲ್ಲದು, ಸೆಕೆಯಲ್ಲಿ ಒಮ್ಮೆಲೇ ಉಕ್ಕುತ್ತದೆ. ವಿದ್ಯುತ್ ಕವಾಟವಿರುವ ಸಿಲಿಂಡರ್ ದೀಪ ಆರಿದಾಗ, ಕರೆಂಟ್ ಹೋದಾಗ ತಾನೇ ಮುಚ್ಚಿಕೊಳ್ಳುವುದರಿಂದ ಸುರಕ್ಷಿತ. ಅದಕ್ಕೂ ಮುನ್ನ ಮಾಡಬೇಕಾದದ್ದು ನೀರನ್ನು ಹದಗೊಳಿಸುವುದು. ಮಳೆಗಾಲದಲ್ಲಿ ಮಾಳಿಗೆಯಿಂದ ಹಿಡಿದಿಟ್ಟ ಶುದ್ಧ ಮಳೆನೀರನ್ನು ಬೋರ್‌ವೆಲ್ ನೀರಿಗೆ ಸಮನಾಗಿ ಬೆರೆಸಿದರೆ ಗಡಸುತನ 15ರಿಂದ ಏಳೂವರೆಗೆ ಇಳಿಯುತ್ತದೆ. ಆ ನೀರಿನಲ್ಲಿ 30 ಮಿಲಿಗ್ರಾಂ ಅನಿಲ ಪಿಎಚ್ ಅನ್ನು 6.9ರ ಹತ್ತಿರ ನಿಲ್ಲಿಸುತ್ತದೆ, ಮೆದು ನೀರನ್ನು ಬಯಸುವ ಕೆಂಪೆಲೆಯ ಗಿಡಗಳೂ ಅಲ್ಲಿ ಬೇರೂರುತ್ತವೆ.