ಬಿಲದ ಊರು, ಹುಲ್ಲಿನ ಲೆಕ್ಕ

1902ರಲ್ಲಿ ಅಮೆರಿಕದ ಕೃಷಿ ಇಲಾಖೆ ತನ್ನ ವಾರ್ಷಿಕ ಸಂಪುಟದಲ್ಲಿ ಪ್ರೇರಿ ನಾಯಿಯ ಬಗ್ಗೆ ಒಂದು ಲೇಖನವನ್ನು ಪ್ರಕಟಿಸಿತು. ಬರೆದವರು ಅಲ್ಲಿನ ಜೀವಿ ಸಮೀಕ್ಷಾ ವಿಭಾಗದ ಮುಖ್ಯಸ್ಥ ಸಿ. ಹಾರ್ಟ್ ಮೆರಿಯಮ್. ಅದರಲ್ಲಿ ಒಂದು ಲೆಕ್ಕವಿದೆ. 32 ಪ್ರೇರಿ ನಾಯಿಗಳು ಸೇರಿ ಒಂದು ಕುರಿಯಷ್ಟು ಮೇಯುತ್ತವೆ, 256 ಸೇರಿದರೆ ಒಂದು ಹಸುವಿನಷ್ಟು. ಟೆಕ್ಸಾಸ್‌ನಲ್ಲಿ ಸುಮಾರು 250 ಮೈಲಿ ಉದ್ದ, 100 ಮೈಲಿ ಅಗಲಕ್ಕೆ ಹಬ್ಬಿದ್ದ ಒಂದೇ ನೆಲೆಯಲ್ಲಿ 40 ಕೋಟಿ ಪ್ರಾಣಿಗಳಿವೆಯೆಂದು ಅವರು ಅಂದಾಜಿಸಿದ್ದರು. ಭಾಗಿಸಿ ನೋಡಿದರೆ 15 ಲಕ್ಷಕ್ಕೂ ಹೆಚ್ಚು ದನಗಳ ಮೇವು ಬಿಲದೊಳಗೆ ಹೋಗುತ್ತಿದೆ ಎಂದಾಯಿತು.

ಹಳೆಯ ಸರಕಾರಿ ಬರಹಗಳನ್ನು ಓದುವುದು ನನ್ನ ಸಂಶೋಧನೆಯ ದಿನನಿತ್ಯದ ಕೆಲಸ. ಈ ಭಾಗಾಕಾರದ ಮುಂದೆ ಮಾತ್ರ ನಾನು ಬಹಳ ಹೊತ್ತು ನಿಂತೆ. ಒಂದು ಪ್ರಾಣಿಯ ಬದುಕನ್ನು ಇನ್ನೊಂದು ಪ್ರಾಣಿಯ ಮೇವಿನಿಂದ ಭಾಗಿಸಿದರೆ ಉಳಿಯುವ ಶೇಷ ಎಲ್ಲಿ ಹೋಗುತ್ತದೆ?

ಹೆಸರಿನಲ್ಲಿ ನಾಯಿ ಇದ್ದರೂ ಇದು ಅಳಿಲಿನ ಕುಟುಂಬಕ್ಕೆ ಸೇರಿದ, ನೆಲದಲ್ಲಿ ಬಿಲ ತೋಡಿ ಬದುಕುವ ಪ್ರಾಣಿ. ಅಪಾಯ ಕಂಡಾಗ ಬೊಗಳಿದಂತೆ ಕೂಗುವುದರಿಂದ ಈ ಹೆಸರು ಬಂತು. ಗುಂಪಾಗಿ ನೆಲೆಸುವುದರಿಂದ ಅಮೆರಿಕದ ಜನ ಅದರ ನೆಲೆಯನ್ನು ‘ಊರು’ ಎಂದೇ ಕರೆದರು. 1804ರ ಸೆಪ್ಟೆಂಬರಿನಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಇಂದಿನ ನೆಬ್ರಾಸ್ಕಾದಲ್ಲಿ ಇಂಥದೊಂದು ಊರನ್ನು ಕಂಡಿತು. ಬಿಲಕ್ಕೆ ಪೀಪಾಯಿಗಟ್ಟಲೆ ನೀರು ಸುರಿದು ಒಂದನ್ನು ಜೀವಂತ ಹಿಡಿದರು. ಮರುವರ್ಷ ಅವರು ಕಳಿಸಿದ ಒಂದು ಪ್ರೇರಿ ನಾಯಿ, ದೋಣಿ ಹಡಗುಗಳ ತಿಂಗಳುಗಟ್ಟಲೆಯ ಪಯಣವನ್ನು ಬದುಕಿ ಅಧ್ಯಕ್ಷ ಜೆಫರ್ಸನ್ ಅವರನ್ನು ತಲುಪಿತು. ಅಂದು ಕೌತುಕವಾಗಿದ್ದ ಪ್ರಾಣಿ ನೂರು ವರ್ಷ ಕಳೆಯುವುದರೊಳಗೆ ಪೀಡೆಯಾಗಿತ್ತು.

ಈ ನಡುವೆ ಬಯಲೇ ಬದಲಾಗಿತ್ತು. ಕಾಡೆಮ್ಮೆಯನ್ನು ಹೋಲುವ ಬೈಸನ್ ಹಿಂಡುಗಳನ್ನು ಕೊಂದು ಮುಗಿಸಲಾಗಿತ್ತು. ಅವುಗಳನ್ನೇ ನಂಬಿದ್ದ ಮೂಲನಿವಾಸಿ ಜನರನ್ನು ಅವರ ನೆಲದಿಂದ ಹೊರಹಾಕಲಾಗಿತ್ತು. ಅವರೆಲ್ಲರ ಜಾಗಕ್ಕೆ ದನದ ಹಿಂಡುಗಳು ಬಂದವು. ಹುಲ್ಲಿಗೆ ಒಬ್ಬನೇ ಒಡೆಯ ಎಂದಾದ ಮೇಲೆ ಉಳಿದ ಬಾಯಿಗಳೆಲ್ಲ ಕಳ್ಳರ ಬಾಯಿಗಳಾದವು. ಸ್ಟ್ರಿಕ್ನಿನ್ ವಿಷ ಬೆರೆಸಿದ ಧಾನ್ಯವನ್ನು ಬಿಲಗಳ ಬಾಯಿಗೆ ಸುರಿಯುವ ಅಭಿಯಾನಕ್ಕೆ ಸರಕಾರವೇ ಮುಂದಾಯಿತು. ವಿಷ, ರೋಗ, ಉಳುಮೆ ಮೂರೂ ಸೇರಿ, ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಈ ಊರುಗಳು ಹಿಂದಿನ ವಿಸ್ತಾರದ ಸುಮಾರು ಶೇ. 2ಕ್ಕೆ ಇಳಿದವು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಆ ರೋಗದ ಕಥೆಗೆ ನಮ್ಮ ನಂಟೂ ಇದೆ. 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಮುಂಬಯಿ, 1898ರಲ್ಲಿ ಬೆಂಗಳೂರು. ಮಲ್ಲೇಶ್ವರ, ಬಸವನಗುಡಿಯ ಅಗಲ ಬೀದಿಗಳು, ಅಲ್ಲಲ್ಲಿ ಎದ್ದ ಪ್ಲೇಗಮ್ಮನ ಗುಡಿಗಳು ನಮಗೆ ನೆನಪಿಸುವ ಅದೇ ಮಹಾಮಾರಿ 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಂದರನ್ನು ಮುಟ್ಟಿತು. ಬಂದರಿನ ಇಲಿಗಳಿಂದ ಕಾಡಿನ ಅಳಿಲುಗಳಿಗೆ, ಅಲ್ಲಿಂದ ಮುಂದೆ ಪ್ರೇರಿ ನಾಯಿಗಳಿಗೆ ಚಿಗಟಗಳ ಮೂಲಕ ದಾಟಿತು. ಅವುಗಳಿಗೆ ಈ ರೋಗವನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಇಂದಿಗೂ ಪ್ಲೇಗ್ ಹೊಕ್ಕ ಊರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಾಯುವುದುಂಟು.

ಮೆರಿಯಮ್ ಲೆಕ್ಕದಲ್ಲಿ ಬಿಟ್ಟುಹೋದದ್ದೇನು ಎಂಬುದು ನಿಧಾನವಾಗಿ ತಿಳಿಯತೊಡಗಿತು. 1958ರಲ್ಲಿ ಕಾರ್ಲ್ ಕೊಫೋರ್ಡ್ ಎಂಬ ವಿಜ್ಞಾನಿ ಪ್ರೇರಿ ನಾಯಿ, ದನ, ಹುಲ್ಲು ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಅಧ್ಯಯನವೊಂದನ್ನು ಪ್ರಕಟಿಸಿದರು. 1983ರಲ್ಲಿ ಕಾಪಕ್, ಡೆಟ್ಲಿಂಗ್ ಮತ್ತು ಸಂಗಡಿಗರು ದಕ್ಷಿಣ ಡಕೋಟಾದ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನದ ಬಗ್ಗೆ ಬರೆದ ಲೇಖನಗಳು ಚಿತ್ರವನ್ನು ಸ್ಪಷ್ಟಗೊಳಿಸಿದವು.

ಪ್ರೇರಿ ನಾಯಿ ಹುಲ್ಲನ್ನು ಬರಿದೇ ತಿನ್ನುವುದಿಲ್ಲ. ಹದ್ದು, ತೋಳಗಳು ದೂರದಿಂದಲೇ ಕಾಣಲೆಂದು, ತಿನ್ನದ ಎತ್ತರದ ಗಿಡಗಳನ್ನೂ ಕತ್ತರಿಸಿ ಹಾಕುತ್ತದೆ. ಮತ್ತೆ ಮತ್ತೆ ಕತ್ತರಿಸಿದ ಹುಲ್ಲು ಎಳೆಯದಾಗಿಯೇ ಉಳಿಯುತ್ತದೆ. ಅದರಲ್ಲಿ ಸಾರಜನಕ ಹೆಚ್ಚು, ಅಂದರೆ ಮೇಯುವ ಪ್ರಾಣಿಗೆ ಪುಷ್ಟಿ ಹೆಚ್ಚು. ಬಿಲ ತೋಡಿದಾಗ ಆಳದ ಮಣ್ಣು ಮೇಲೆ ಬಂದು ದಿಬ್ಬವಾಗುತ್ತದೆ. ಬೋಳಾದ ಆ ನೆಲದಲ್ಲಿ ಎತ್ತರದ ಹುಲ್ಲಿನ ನೆರಳಲ್ಲಿ ಬದುಕಲಾರದ ಸಣ್ಣ ಹೂಗಿಡಗಳು ಬೇರೂರುತ್ತವೆ. ಹೊಸ ಊರಿನಲ್ಲಿ ಹುಲ್ಲಿನದೇ ಮೇಲುಗೈ. ಹಳೆಯ ಊರಿನ ನಡುವೆ ಹುಲ್ಲು ಸೋತು, ಅಗಲ ಎಲೆಯ ಗಿಡಗಳೂ ಕುಳ್ಳ ಪೊದೆಗಳೂ ತುಂಬುತ್ತವೆ. ಎರಡರ ನಡುವಿನ ವಯಸ್ಸಿನ ಜಾಗದಲ್ಲಿ ಸಸ್ಯವೈವಿಧ್ಯ ಅತಿ ಹೆಚ್ಚು. ಬೈಸನ್‌ಗಳು ಈ ಊರುಗಳನ್ನು ಹುಡುಕಿಕೊಂಡು ಬಂದು ಮೇಯುತ್ತಿದ್ದವು. ಒಂದೇ ಊರಿನೊಳಗೆ ಹಲವು ಹುಲ್ಲುಗಾವಲುಗಳಿದ್ದವು ಎನ್ನಬಹುದು.

ಹಾಗೆಂದು ದನಗಾಹಿಗಳ ದೂರು ಪೂರ್ತಿ ಸುಳ್ಳಲ್ಲ. 2006ರಲ್ಲಿ ಪ್ರಕಟವಾದ ಕೊಲರಾಡೊದ ಅಧ್ಯಯನವೊಂದರ ಪ್ರಕಾರ, ಹುಲ್ಲುಗಾವಲಿನ ಶೇ. 20 ಭಾಗ ಪ್ರೇರಿ ನಾಯಿಗಳ ಊರಾದರೆ ದನಗಳ ತೂಕದ ಏರಿಕೆ ಸುಮಾರು ಶೇ. 5.5ರಷ್ಟು, ಶೇ. 60 ಭಾಗವಾದರೆ ಸುಮಾರು ಶೇ. 14ರಷ್ಟು ಕಡಿಮೆಯಾಗುತ್ತದೆ. ಸಾಲ ಮಾಡಿ ದನ ಸಾಕಿದವನಿಗೆ ಇದು ಸಣ್ಣ ನಷ್ಟವಲ್ಲ. ಆದರೆ ಜಾಗ ಮೂರುಪಟ್ಟಾದರೂ ನಷ್ಟ ಮೂರುಪಟ್ಟಾಗಲಿಲ್ಲ. ಬಿಲದೊಳಗೆ ಹೋದ ಪ್ರತಿ ಹಿಡಿ ಹುಲ್ಲೂ ದನದ ಬಾಯಿಂದಲೇ ಕಿತ್ತದ್ದು ಎಂಬ ನೇರ ಭಾಗಾಕಾರ ಇಲ್ಲಿ ನಿಲ್ಲುವುದಿಲ್ಲ.

ಟೆಕ್ಸಾಸ್‌ನಲ್ಲಿ ಇನ್ನೊಂದು ಬಾಕಿಯೂ ಹೊರಬಿತ್ತು. ಪ್ರೇರಿ ನಾಯಿಗಳು ಮೆಸ್ಕೀಟ್ ಎಂಬ ಮುಳ್ಳುಮರದ ಕಾಯಿಗಳನ್ನು ಹೊತ್ತೊಯ್ದು, ಸಸಿಗಳ ತೊಗಟೆ ಕಡಿದು, ಅದನ್ನು ಬಯಲಿನಲ್ಲಿ ತಲೆಯೆತ್ತಲು ಬಿಡುತ್ತಿರಲಿಲ್ಲ. ಅವು ಇಲ್ಲವಾದ ಕಡೆ ಮೆಸ್ಕೀಟ್ ಹಬ್ಬಿತು ಎಂದು 1997ರ ಅಧ್ಯಯನವೊಂದು ತೋರಿಸಿತು. ಮೇವು ಉಳಿಸಲು ಪ್ರಾಣಿಯನ್ನು ಕೊಂದ ಜಾಗದಲ್ಲಿ ಮೇವನ್ನೇ ನುಂಗುವ ಮುಳ್ಳು ಬೆಳೆಯಿತು. ಈ ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ.

ಹುತ್ತ ಕಟ್ಟುವುದು ಗೆದ್ದಲು, ಸೇರಿಕೊಳ್ಳುವುದು ಹಾವು ಎಂಬ ಮಾತನ್ನು ನಾವು ದೂರಿನ ದನಿಯಲ್ಲಿ ಆಡುತ್ತೇವೆ. ಪ್ರೇರಿ ನಾಯಿಯ ಬಿಲದಲ್ಲಿ ಗೂಬೆ ಗೂಡು ಮಾಡುತ್ತದೆ, ಬುಡುಬುಡಿಕೆ ಹಾವು ಮಲಗುತ್ತದೆ. ಕಪ್ಪು ಪಾದದ ಫೆರೆಟ್ ಎಂಬ ಪುಟ್ಟ ಬೇಟೆಪ್ರಾಣಿಗೆ ಮನೆ, ಊಟ ಎರಡೂ ಅಲ್ಲೇ. ಬಿಲಗಳು ಅಳಿದಾಗ ಅದೂ ಅಳಿಯಿತೆಂದೇ ತಿಳಿದಿದ್ದರು. 1981ರಲ್ಲಿ ವಯೋಮಿಂಗ್‌ನ ಮಿಟೀಟ್ಸಿ ಬಳಿ ಸಾಕುನಾಯಿಯೊಂದು ಸತ್ತ ಫೆರೆಟನ್ನು ಕಚ್ಚಿ ತಂದಾಗ ಕೊನೆಯ ನೆಲೆ ಪತ್ತೆಯಾಯಿತು. 1987ರ ಹೊತ್ತಿಗೆ ಹಿಡಿದು ಉಳಿಸಿಕೊಂಡದ್ದು 18ನ್ನು ಮಾತ್ರ. 1991ರಿಂದ ಅವುಗಳ ಸಂತತಿಯನ್ನು ಮತ್ತೆ ಬಯಲಿಗೆ ಬಿಡಲಾಗುತ್ತಿದೆ.

ಮೆರಿಯಮ್ ಕೆಟ್ಟ ವಿಜ್ಞಾನಿಯಾಗಿರಲಿಲ್ಲ, ತಮ್ಮ ಕಾಲದ ದೊಡ್ಡ ಜೀವಿಶಾಸ್ತ್ರಜ್ಞರಲ್ಲಿ ಒಬ್ಬರು. ಹುಲ್ಲುಗಾವಲೆಂದರೆ ದನದ ಮೇವು ಎಂಬ ಒಂದೇ ಅಂಕಣದಲ್ಲಿ ಅವರು ಎಣಿಸಿದರು, ಅಷ್ಟೆ. ನಮ್ಮ ಕಂದಾಯ ದಾಖಲೆಗಳಲ್ಲೂ ಸಾಗುವಳಿಗೆ ಬಾರದ ನೆಲಕ್ಕೆ ‘ಖರಾಬು’ ಎಂಬ ಒಂದು ಪದ ಸಾಕಾಗಿದೆ. ಕೃಷ್ಣಮೃಗಗಳಿರುವ ರಾಣೆಬೆನ್ನೂರಿನ ಬಯಲಲ್ಲಿ ನೀಲಗಿರಿ ನೆಟ್ಟಿದ್ದೂ ಇಂಥ ಎಣಿಕೆಯಿಂದಲೇ ಇರಬೇಕು ಎನಿಸುತ್ತದೆ. ಬಯಲುಸೀಮೆಯ ಹುಲ್ಲಿನ ಚರಿತ್ರೆಯನ್ನು ಬರೆಯುವವರು ಅಲ್ಲಿನ ಇಲಿ, ಗೆದ್ದಲು, ಹೆಗ್ಗಣಗಳಿಗೂ ಒಂದೊಂದು ಅಂಕಣ ಬಿಡಬೇಕು.